ಖಾಲಿ ಲಾರಿಯ ತೂಕ

ಮಾರ್ಚ್ ಬಂತೆಂದರೆ ತನುಂಡದಲ್ಲಿ ನೊಣಕ್ಕೂ ಅಮಲು.
ವೇಬ್ರಿಜ್ಜಿನ ಗಾಜಿನ ಗೂಡಿನಲ್ಲಿ ಕೂತು
ಇಪ್ಪತ್ತಾರು ಸುಗ್ಗಿ ತೂಗಿದ್ದೇನೆ, ನಾನು, ಇರ್ಮ್‌ಗಾರ್ಡ್ ನೋವಾಕ್.
ತುಂಬಿದ ಲಾರಿ ಒಮ್ಮೆ, ಸುರಿದು ಬಂದ ಲಾರಿ ಒಮ್ಮೆ;
ಕಳೆದರೆ ಉಳಿಯುವುದು ಹಣ್ಣು.

ದೇವರ ಲೆಕ್ಕ ಇದಕ್ಕಿಂತ ಸುಲಭವೆಂದು
ಮೊಣಕಾಲಲ್ಲಿ ಗಾಯವಿದ್ದ ವಯಸ್ಸಿನಲ್ಲೇ ಕಲಿಸಿದ್ದರು ಪಾದ್ರಿ:
ನಿನ್ನ ಕಡೆಯಿಂದ ಸೊನ್ನೆ, ಆತನ ಕಡೆಯಿಂದ ಎಲ್ಲ.
ಕೃಪೆಯೊಂದೇ, ನಂಬಿಕೆಯೊಂದೇ, ವಾಕ್ಯವೊಂದೇ.
ಮೂರು ‘ಒಂದೇ’ ಸೇರಿದರೆ ಮೂರಾಗುವುದಿಲ್ಲವೇ ಎಂದು ಕೇಳಿ
ಪೆಟ್ಟು ತಿಂದದ್ದೂ ನೆನಪಿದೆ.

ಒಂದು ಸೋಮವಾರ ಪಾಸ್ಕ್ವಾಲೆ ದಿಮಾಸಿ ಬಂದ,
ಟೋಪಿ ಕೈಯಲ್ಲಿ, ಲಾರಿಯಿಲ್ಲದೆ, ನಡೆದುಕೊಂಡು.
“ಹೋದ ವಾರ ತುಂಬಿದ ಲಾರಿ ತೂಗುವಾಗ ನಾನು ಒಳಗಿದ್ದೆ.
ಖಾಲಿ ತೂಗುವಾಗ ಸಿಗರೇಟಿಗೆಂದು ಇಳಿದಿದ್ದೆ.
ಶಿರಾಜ್ ದ್ರಾಕ್ಷಿಯ ದರದಲ್ಲಿ
ನನ್ನನ್ನೇ ಕೊಂಡುಬಿಟ್ಟಿದ್ದೀರಿ, ಇರ್ಮ್‌ಗಾರ್ಡ್.”

ನಕ್ಕು ನಕ್ಕು ಕನ್ನಡಕ ಒರೆಸಿಕೊಂಡೆ.
ಬಿಡು ಮಾರಾಯ, ಕ್ಷಮಿಸಿದ್ದಾಯಿತು, ಎಂದೆ.
ಅವನು ನಗಲಿಲ್ಲ.
“ಕ್ಷಮೆ ಶನಿವಾರವೇ ಸಿಕ್ಕಿತು, ಪಾಪನಿವೇದನೆಯಲ್ಲಿ.
ಆದರೆ ಎಂಬತ್ತಮೂರು ಕಿಲೊ?
ಅದು ಎಲ್ಲಿ ಹೋಗುತ್ತದೆ?”

ಮರುದಿನ ಬಕೆಟ್ಟುಗಳಲ್ಲಿ ತಂದು ಸುರಿದ.
ಈ ಯಂತ್ರ ಇಪ್ಪತ್ತಿಪ್ಪತ್ತರ ಮೆಟ್ಟಿಲಲ್ಲಿ ಎಣಿಸುವುದು,
ಎಂಬತ್ತು ಸಾಕಿತ್ತು, ಮೂರು ಇದರ ಕಣ್ಣಿಗೆ ಬೀಳುವುದೇ ಇಲ್ಲ, ಎಂದೆ.
“ಕಣ್ಣಿಗೆ ಬೀಳದ ಮೂರಕ್ಕೇ ನಾನು ಹೆದರುವುದು.”

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಹಣ್ಣಲ್ಲದವನನ್ನು ಹಣ್ಣೆಂದು ಎಣಿಸಿ
ಪೂರ್ತಿ ದರ ಕೊಡುವ ಧಣಿ:
ಇದನ್ನೇ ಅಲ್ಲವೇ ನಾವು ಸುವಾರ್ತೆಯೆಂದು ಹಾಡಿಕೊಂಡು ಬಂದದ್ದು?
ಅವನ ಸಭೆ ಹೇಳುತ್ತದೆ: ಎಣಿಸಿದ್ದು ಸರಿ,
ಇನ್ನು ಹಣ್ಣಾಗು. ಈ ಬದುಕು ಸಾಲದಿದ್ದರೆ
ಆಚೆಗೂ ಒಂದು ಬಿಸಿಲಿದೆ, ಮಾಗಲಿಕ್ಕೆ.
ಆ ಬಿಸಿಲನ್ನೂ ಚೀಟಿ ಬರೆದು ಮಾರಿದರಲ್ಲ
ಎಂದು ಗುಡುಗಿದ ನನ್ನೊಳಗಿನ ಅಜ್ಜ.

ಅಜ್ಜನ ಅಜ್ಜ ಹಡಗು ಹತ್ತಿದ್ದು
ಪ್ರಾರ್ಥನೆಯ ಪುಸ್ತಕಕ್ಕೆ ದೊರೆ ಕೈಹಾಕಿದನೆಂದು.
ಇಲ್ಲಿ, ದೊರೆಯಿಲ್ಲದ ಊರಿನಲ್ಲಿ,
ಹತ್ತು ವರ್ಷ ತುಂಬುವ ಮೊದಲೇ ನಾವೇ ಎರಡಾದೆವು.
ಒಂದೇ ಬೈಬಲ್ಲು, ಒಂದೇ ಜರ್ಮನ್ನು,
ರಸ್ತೆಯ ಅತ್ತ ಇತ್ತ ಎರಡು ಗಂಟೆ.
ಸೋದರತ್ತೆ ಸತ್ತಾಗ ಅಮ್ಮ ಒಳಗೆ ಹೋಗಲಿಲ್ಲ;
ಬೇಲಿ ಹಿಡಿದು ನಿಂತಳು, ಹಾಡು ಮುಗಿಯುವ ತನಕ.

ವರ್ಷಕ್ಕೊಮ್ಮೆ ಅಡಿಲೇಡಿನಿಂದ ಇನ್ಸ್‌ಪೆಕ್ಟರ್ ಬಂದು
ತೂಕದ ಕಲ್ಲುಗಳನ್ನಿಟ್ಟು ನೋಡಿ ಸೀಸದ ಮುದ್ರೆ ಒತ್ತುತ್ತಾನೆ.
ಅದಿಲ್ಲದೆ ನಾನು ಒಂದು ಗೊಂಚಲೂ ತೂಗುವಂತಿಲ್ಲ.
ನಮಗೆ ವಾಕ್ಯವೇ ತೂಕದ ಕಲ್ಲು, ಎನ್ನುತ್ತಾರೆ ಪಾದ್ರಿ.
ಸರಿ, ಕಲ್ಲನ್ನು ಇಡುವ ಕೈ ಯಾರದು?
ರೋಮಿನದು, ಎಂದಿದ್ದ ಪಾಸ್ಕ್ವಾಲೆ,
ತನ್ನೂರಿನ ಬಾವಿ ತೋರಿಸುವಷ್ಟು ಸಲೀಸಾಗಿ.
ಆದರೆ ನಾನು ಕೆಲಸಕ್ಕೆ ಸೇರಿದ ವರ್ಷ ಬಂದ ಇನ್ಸ್‌ಪೆಕ್ಟರ್
ಕಲ್ಲು ಕೆಳಗಿಳಿಸಲೇ ಇಲ್ಲ;
ಎರಡು ಪೀಪಾಯಿ ವೈನು ಏರಿಸಿಕೊಂಡು ಮುದ್ರೆ ಒತ್ತಿದ.
ಮುದ್ರೆ ಅಸಲಿಯೇ.
ತಕ್ಕಡಿಯೂ, ಯಾರು ಕಂಡರು, ಸರಿಯಾಗಿಯೇ ಇತ್ತೋ ಏನೋ.

ಈ ಜೂನ್‌ನಲ್ಲಿ, ಬಳ್ಳಿ ಸವರುವ ಚಳಿಯಲ್ಲಿ, ಪಾಸ್ಕ್ವಾಲೆ ಹೋದ.
ಅವನ ಆತ್ಮಕ್ಕೆಂದು ಅಸ್ಸುಂತಾ ಬಲಿಪೂಜೆ ಹೇಳಿಸಿದಳು.
ಹೋದೆ. ಸಾಲಿನಲ್ಲಿ ನಿಂತೆ, ಎದೆಯ ಮೇಲೆ ಕೈ ಕತ್ತರಿ ಹಾಕಿ:
ರೊಟ್ಟಿ ಬೇಡ, ಆಶೀರ್ವಾದ ಸಾಕು ಎಂಬುದರ ಗುರುತು.
ಬೇಡ ಎಂದದ್ದು ಕೈ; ನಾಲಿಗೆಯನ್ನು ಯಾರೂ ಕೇಳಲಿಲ್ಲ.
ಸತ್ತವರಿಗಾಗಿ ಬೇಡುವ ರೂಢಿ ನಮ್ಮ ಮನೆಯಲ್ಲಿಲ್ಲ.
ಆದರೂ ತುಟಿ ಅಲ್ಲಾಡಿತು:
ಆ ಮೂರು ಕಿಲೊ ಮುಟ್ಟಿದೆ, ಕರ್ತನೇ.
ಬರೆದುಕೋ.

ವಾಪಸು ಬರುತ್ತ ಗೂಡಿನ ಬೀಗ ತೆಗೆದು, ಯಂತ್ರಕ್ಕೆ ಜೀವ ಕೊಟ್ಟು,
ಕಬ್ಬಿಣದ ಹಾಸಿನ ಮೇಲೆ ಒಬ್ಬಳೇ ನಿಂತೆ, ಜಿನುಗು ಮಳೆಯಲ್ಲಿ.
ನನ್ನ ತೂಕ ಎಪ್ಪತ್ತು,
ಅದರ ಎರಡು ಮೆಟ್ಟಿಲ ನಟ್ಟನಡುವೆ.
ಗಾಜಿನಾಚೆ ಕೆಂಪು ಅಂಕಿ
ಅರವತ್ತು ಅನ್ನುತ್ತದೆ, ಎಂಬತ್ತು ಅನ್ನುತ್ತದೆ,
ಅರವತ್ತು.
ಉಸಿರು ಬಿಗಿಹಿಡಿದರೆ ನಿಂತೀತೇನೋ ಎಂದು ನೋಡಿದೆ.
ಎಂಬತ್ತು.